ಐವತ್ತು ದಾಟಿದ ಎಂಜಿಬಿಯನ್ನು ದಿನಾ ಓಡಿಸುವುದು ಹೇಗೆ

ಟಕ್ ಟಕ್ ಟಕ್ ಟಕ್. ಕೀ ತಿರುಗಿಸಿದ ಕೂಡಲೇ ಕಾರಿನ ಹಿಂಭಾಗದಿಂದ ಈ ಸದ್ದು ಬರಬೇಕು. ಮೊದಲು ಬೇಗ ಬೇಗ, ಆಮೇಲೆ ನಿಧಾನ, ಕೊನೆಗೆ ನಿಂತೇ ಹೋಗಬೇಕು. ಅದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ, ಎಸ್‌ಯು ಕಂಪನಿಯ ಪಂಪ್. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ತುಂಬಿತು ಅಂದರೆ ಸುಮ್ಮನಾಗುತ್ತದೆ. ನವೆಂಬರ್ ಮಳೆಯಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಒಂದು ರೌಂಡಬೌಟ್ ಪಕ್ಕ ನನ್ನ ಎಂಜಿಬಿ, ಅಂದರೆ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ನಿಂತಾಗ ಈ ಸದ್ದು ಇರಲಿಲ್ಲ. ಹಿಂದಿನ ಬಲ ಚಕ್ರದ ಮುಂದೆ ಕೈ ಹಾಕಿ, ಸುತ್ತಿಗೆ ಹಿಡಿಯಿಂದ ಪಂಪಿಗೆ ಎರಡು ಏಟು ಕೊಟ್ಟೆ. ಟಕ್ ಟಕ್ ಟಕ್. ಮನೆ ಸೇರಿದೆ.

ಪಂಪಿನ ಒಳಗೆ ಎರಡು ಪುಟ್ಟ ಪಾಯಿಂಟ್‌ಗಳಿವೆ. ಸುಟ್ಟು ಕಪ್ಪಾದರೆ ಅಂಟಿಕೊಳ್ಳುತ್ತವೆ. ಏಟು ಬಿದ್ದರೆ ಬಿಡುತ್ತವೆ. ನಾನು ಅದನ್ನು ವರ್ಷಕ್ಕೊಮ್ಮೆ ನೋಡಬೇಕಿತ್ತು, ನೋಡಿರಲಿಲ್ಲ. ಈ ಕಾರುಗಳು ಕೈ ಕೊಟ್ಟ ಹೆಚ್ಚಿನ ಕಥೆಗಳು ಹೀಗೇ ಇರುತ್ತವೆ. ವಾರ ಮೊದಲೇ ಕಾರು ಏನೋ ಹೇಳಿರುತ್ತದೆ, ನಾವು ಕೇಳಿಸಿಕೊಂಡಿರುವುದಿಲ್ಲ.

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಜಾಸ್ತಿ ಕಾರುಗಳು ಹೊರಬಂದವು. ಅದಕ್ಕೇ ಇವತ್ತಿಗೂ ಹೆಚ್ಚುಕಮ್ಮಿ ಎಲ್ಲಾ ಬಿಡಿಭಾಗ ಸಿಗುತ್ತವೆ. ಪೂರ್ತಿ ಹೊಸ ಬಾಡಿ ಬೇಕೆಂದರೂ ಸಿಗುತ್ತದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಹಳೆಯ ಅಚ್ಚುಗಳಲ್ಲೇ ಅದನ್ನು ಒತ್ತುತ್ತಿದೆ. ನನ್ನದು 1970ರ ಜಿಟಿ. ಮೇಲೆ ತಗಡಿನ ಛಾವಣಿ, ಹಿಂದೆ ಎತ್ತುವ ಬಾಗಿಲು. ಬಟ್ಟೆ ಛಾವಣಿಯ ರೋಡ್‌ಸ್ಟರ್ ನೋಡಲು ಚೆಂದ ನಿಜ, ಆದರೆ ಇಲ್ಲಿಯ ಮಳೆಯಲ್ಲಿ ದಿನಾ ಆಫೀಸಿಗೆ ಹೋಗುವವರಿಗೆ ಜಿಟಿಯೇ ಸರಿ.

ಇದರ ಎಂಜಿನ್ ನಮಗೆ ಹೊಸದಲ್ಲ. ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಮಾಡಿದ ಬಿ-ಸೀರೀಸ್, 1798 ಸಿಸಿ. ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಇದರ ಅಣ್ಣ. ವಯಸ್ಸಿನಲ್ಲಿ ದೊಡ್ಡದು, ಗಾತ್ರದಲ್ಲಿ ಚಿಕ್ಕದು. ಹಾಸನದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದ ನನ್ನ ಮಾವ ಎಂಜಿಬಿಯನ್ನು ಕಣ್ಣಾರೆ ನೋಡಿಲ್ಲ. ಆದರೂ ಅದರ ಅರ್ಧ ರೋಗಗಳನ್ನು ವಿಡಿಯೋ ಕಾಲ್‌ನಲ್ಲೇ ಹಿಡಿದಿದ್ದಾರೆ. ಊರಲ್ಲಿ ಅಂಬಾಸಿಡರ್ ಇಟ್ಟುಕೊಂಡವರಿಗೂ ಕೆಳಗಿನ ಮಾತುಗಳು ಸುಮಾರು ಹೊಂದುತ್ತವೆ. ಅಳತೆಗಳನ್ನು ಮಾತ್ರ ನಿಮ್ಮ ಗಾಡಿಯ ಪುಸ್ತಕ ನೋಡಿಯೇ ಹಾಕಿ.

1. ಎಂಜಿನ್ ಆಮೇಲೆ, ಮೊದಲು ತುಕ್ಕು

ಎಂಜಿನ್ ಕೆಟ್ಟರೆ ಒಂದು ವಾರಾಂತ್ಯದಲ್ಲಿ ಇಳಿಸಬಹುದು. ತುಕ್ಕು ಹಿಡಿದ ಬಾಡಿ ಹಾಗಲ್ಲ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಅದರಲ್ಲೂ ಬಾಗಿಲ ಕೆಳಗಿನ ಸಿಲ್. ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಇನ್ನೊಂದು ತಗಡು. ಮಾರುವವರು ಹೊರಗಿನದನ್ನು ಮಾತ್ರ ಹೊಸದು ಹಾಕಿ, ಪೇಂಟ್ ಹೊಡೆಸಿ, ಫಳಫಳ ಹೊಳೆಸಿರುತ್ತಾರೆ. ಒಳಗೆ ಹಪ್ಪಳ.

ನೋಡುವ ಉಪಾಯ ಸುಲಭ. ಬಾಗಿಲು ಹಾಕಿ, ಬಾಗಿಲಿಗೂ ಹಿಂದಿನ ಬಾಡಿಗೂ ನಡುವಿನ ಸಂದನ್ನು ಗಮನಿಸಿ. ಈಗ ಸಿಲ್ ಪಕ್ಕದ ಜಾಕಿ ಪಾಯಿಂಟಿನಲ್ಲಿ ಕಾರನ್ನು ನಿಧಾನಕ್ಕೆ ಎತ್ತಿ. ಸಂದು ಕಿರಿದಾಯಿತೇ? ಬಾಗಿಲು ತೆಗೆಯಲು, ಹಾಕಲು ಬಿಗಿಯಾಯಿತೇ? ಹಾಗಾದರೆ ಕಾರು ನಡುವಿನಲ್ಲಿ ಬಾಗುತ್ತಿದೆ. ದುಡ್ಡು ಕೊಡದೆ ಮನೆಗೆ ಬನ್ನಿ. ಫ್ರಿಡ್ಜ್ ಮೇಲೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಅದು ಅಂಟದ ಕಡೆ ಪೇಂಟಿನ ಕೆಳಗೆ ಬರೀ ಪುಟ್ಟಿ.

ಕಾರು ಈಗಾಗಲೇ ನಿಮ್ಮದಾಗಿದ್ದರೆ ಪ್ರತಿ ಅಕ್ಟೋಬರ್‌ನಲ್ಲಿ, ರಸ್ತೆಗೆ ಉಪ್ಪು ಹಾಕುವ ಮೊದಲೇ, ಸಿಲ್ ಒಳಗೆ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಮಾಡಿ. ಬಾಗಿಲ ಅಡಿಯಲ್ಲಿ ನೀರು ಇಳಿಯುವ ತೂತುಗಳಿವೆ, ಅವನ್ನು ತಂತಿಯಿಂದ ಬಿಡಿಸಿ. ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕಾರಿನ ಅಡಿಗೆ, ಚಕ್ರದ ಗೂಡುಗಳಿಗೆ ಪೈಪಿನಲ್ಲಿ ನೀರು ಬಿಡಿ. ಮೇಲೆ ಪಾಲಿಶ್ ಮಾಡುವುದಕ್ಕಿಂತ ಇದು ಮುಖ್ಯ. ನನ್ನ ಕಾರು ಮೇಲಿನಿಂದ ನೋಡಿದರೆ ಸುಮಾರಾಗಿದೆ. ಅಡಿಯಿಂದ ನೋಡಿದರೆ ಖುಷಿಯಾಗುತ್ತದೆ.

2. ಹಳೆ ಲೆಕ್ಕ ನಂಬಬೇಡಿ, ಎಲ್ಲಾ ಆಯಿಲ್ ಬದಲಿಸಿ

ಹಿಂದಿನ ಮಾಲೀಕರು ಕೊಟ್ಟ ಬಿಲ್ಲುಗಳ ಕಟ್ಟು ಎಷ್ಟೇ ದಪ್ಪ ಇರಲಿ, ಕಾರು ತಂದ ಮೊದಲ ವಾರವೇ ಎಲ್ಲವನ್ನೂ ಇಳಿಸಿ ಹೊಸದು ಹಾಕಿ. ಆ ದಿನಾಂಕ, ಮೈಲಿ ಎರಡನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಎಂಜಿನ್‌ಗೆ 20ಡಬ್ಲ್ಯು-50 ಮಿನರಲ್ ಆಯಿಲ್, ಫಿಲ್ಟರ್ ಸೇರಿ ಸುಮಾರು 4.25 ಲೀಟರ್. ಹೊಸ ಕಾರುಗಳ ನೀರಿನಂಥ ಸಿಂಥೆಟಿಕ್ ಬೇಡ. ಹಳೆಯ ಕ್ಯಾಮ್‌ಶಾಫ್ಟ್‌ಗೆ ಸತು ಬೆರೆತ ಆಯಿಲ್ ಬೇಕು. ಕ್ಲಾಸಿಕ್ ಕಾರಿಗೆಂದೇ ಮಾಡಿದ ಡಬ್ಬಿಗಳಲ್ಲಿ ಅದು ಇರುತ್ತದೆ. 3000 ಮೈಲಿಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಆಗ ಬದಲಿಸಿ. ಎಂಜಿನ್ ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಷರ್ 50ರಿಂದ 80 ಪಿಎಸ್‌ಐ, ಐಡಲ್‌ನಲ್ಲಿ 10ರಿಂದ 25 ಇರಬೇಕು. ಮುಳ್ಳು ಐಡಲ್‌ನಲ್ಲಿ ಇಳಿಯಿತೆಂದು ಗಾಬರಿ ಬೀಳುವವರು ಬಹಳ. ಇಳಿಯುವುದೇ ಅದರ ಸ್ವಭಾವ.

ಗೇರ್ ಬಾಕ್ಸ್ ಅಂದ ಕೂಡಲೇ 90ರ ಗೇರ್ ಆಯಿಲ್ ಸುರಿಯುವ ಅಭ್ಯಾಸ ಬಹಳ ಜನರಿಗಿದೆ. ಇಲ್ಲಿ ಹಾಗೆ ಮಾಡಬೇಡಿ. ಇದರ ಗೇರ್ ಬಾಕ್ಸಿಗೂ ಎಂಜಿನ್ ಆಯಿಲ್ಲೇ. ಓವರ್‌ಡ್ರೈವ್, ಅಂದರೆ ವೇಗದಲ್ಲಿ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್, ಇದ್ದರೆ ಅದೂ ಅದೇ ಆಯಿಲ್ ಕುಡಿಯುತ್ತದೆ. ಆ 90ರ ಗೇರ್ ಆಯಿಲ್ (ಡಬ್ಬಿಯ ಮೇಲೆ ಇಪಿ90) ಹೋಗಬೇಕಾದದ್ದು ಹಿಂದಿನ ಆ್ಯಕ್ಸಲ್‌ಗೆ ಮಾತ್ರ.

ಕೂಲೆಂಟ್‌ಗೆ ನೀಲಿ ಬಣ್ಣದ ಹಳೇ ನಮೂನೆಯ ಆ್ಯಂಟಿಫ್ರೀಜ್, ನೀರಿಗೆ ಸಮಸಮ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ತಡೆಯುವ ಥರ್ಮೋಸ್ಟಾಟ್ 82 ಡಿಗ್ರಿಯದು. ಕಾರು ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವವರನ್ನು ನಮ್ಮೂರಲ್ಲೂ ನೋಡಿದ್ದೇನೆ, ಇಲ್ಲೂ ನೋಡಿದ್ದೇನೆ. ತಣ್ಣಗಿನ ಎಂಜಿನ್ ಬೇಗ ಸವೆಯುತ್ತದೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಅದನ್ನು ಕ್ಲೀನ್ ಮಾಡಿಸಿ.

3. ಟ್ಯೂನಿಂಗ್: ಕ್ರಮ ತಪ್ಪಿಸಬೇಡಿ

ಎಂಜಿನ್ ಮಿಸ್ಸಿಂಗ್ ಹೊಡೆದರೆ ಎಲ್ಲರ ಕೈ ಮೊದಲು ಕಾರ್ಬುರೇಟರ್ ಸ್ಕ್ರೂಗೆ ಹೋಗುತ್ತದೆ. ಕಾರ್ಬುರೇಟರನ್ನು ಮುಟ್ಟಬೇಕಾದ್ದು ಕಟ್ಟಕಡೆಗೆ. ಮೊದಲು ಟ್ಯಾಪೆಟ್ (ವಾಲ್ವ್ ಮೇಲಿನ ಸಂದು), ಆಮೇಲೆ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ (ಪಂಪಿನದಲ್ಲ) ಮತ್ತು ಪ್ಲಗ್, ಆಮೇಲೆ ಸ್ಪಾರ್ಕಿನ ಟೈಮಿಂಗ್, ಕೊನೆಗೆ ಕಾರ್ಬುರೇಟರ್. ಹಿಂದಿನದು ಸರಿಯಿಲ್ಲದೆ ಮುಂದಿನದು ಸರಿಯಾಗುವುದಿಲ್ಲ.

ಟ್ಯಾಪೆಟ್ ಸೆಟ್ಟಿಂಗ್ ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್‌ನಲ್ಲಿ ಮಾಡಿ. ಸಂದು 0.015 ಇಂಚು, ಅಂದರೆ 0.38 ಮಿಲಿಮೀಟರ್. ನಾಲ್ಕೂ ಪ್ಲಗ್ ಬಿಚ್ಚಿ, ಟ್ಯಾಪೆಟ್ ಕವರಿನ ಎರಡು ನಟ್ ತೆಗೆದು ಕವರ್ ಎತ್ತಿ. ರೇಡಿಯೇಟರ್ ಕಡೆಯಿಂದ ವಾಲ್ವ್‌ಗಳನ್ನು 1ರಿಂದ 8ರವರೆಗೆ ಎಣಿಸಿಕೊಳ್ಳಿ. ಈಗ ಒಂಬತ್ತರ ಲೆಕ್ಕ. 8ನೇ ವಾಲ್ವ್ ಪೂರ್ತಿ ಕೆಳಗೆ ಒತ್ತಿಕೊಂಡಾಗ 1ನೆಯದನ್ನು ಸೆಟ್ ಮಾಡಬೇಕು. 6 ಕೆಳಗಿದ್ದರೆ 3. 4 ಕೆಳಗಿದ್ದರೆ 5. 7 ಕೆಳಗಿದ್ದರೆ 2. ಎರಡೂ ಕೂಡಿದರೆ ಯಾವಾಗಲೂ ಒಂಬತ್ತು ಬರಬೇಕು. ಕಾರನ್ನು ನಾಲ್ಕನೇ ಗೇರಿಗೆ ಹಾಕಿ ಮೆಲ್ಲಗೆ ತಳ್ಳಿದರೆ ಎಂಜಿನ್ ತಿರುಗುತ್ತದೆ. ಪ್ಲಗ್ ಇಲ್ಲದ್ದರಿಂದ ಮಗಳೇ ತಳ್ಳಬಹುದು. ನಮ್ಮ ಮನೆಯಲ್ಲಿ ತಳ್ಳುವವಳು ಅವಳೇ, 'ಅಪ್ಪಾ, ಒಂಬತ್ತು!' ಎಂದು ಕೂಗುವವಳೂ ಅವಳೇ.

ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಸಂದಿನಲ್ಲಿ ಜಾರುವಾಗ ಬೆಣ್ಣೆಯಲ್ಲಿ ಚಾಕು ಎಳೆದಷ್ಟು ಹಿಡಿತ ಇರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಸ್ವಲ್ಪ ತಿರುಗಿಬಿಡುತ್ತದೆ. ಆದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಗೇಜ್ ಹಾಕಿ ನೋಡಿ. ಸಂಶಯ ಬಂದರೆ ಸ್ವಲ್ಪ ಲೂಸ್ ಕಡೆಗೇ ಬಿಡಿ. ಟಕಟಕ ಸದ್ದು ಮಾಡುವ ಟ್ಯಾಪೆಟ್‌ನಿಂದ ಕಿವಿಗೆ ಮಾತ್ರ ಕಿರಿಕಿರಿ. ಬಿಗಿಯಾಗಿ ಸದ್ದಿಲ್ಲದೆ ಕೂತ ಟ್ಯಾಪೆಟ್ ವಾಲ್ವ್ ಸುಡುತ್ತದೆ.

ಪಾಯಿಂಟ್ ಗ್ಯಾಪ್‌ಗೂ ಅದೇ 0.015 ಇಂಚು. ಪ್ಲಗ್ ಗ್ಯಾಪ್ 0.025 ಇಂಚು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹೋಗುವ ಕ್ರಮ, 1-3-4-2. ಪ್ಲಗ್ ವೈರ್‌ಗಳಿಗೆ ಟೇಪ್ ಸುತ್ತಿ ನಂಬರ್ ಬರೆದುಬಿಡಿ. ಕತ್ತಲೆಯಲ್ಲಿ, ಮಳೆಯಲ್ಲಿ ತಲೆ ಓಡುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಹೊಸ ಬಿಡಿಭಾಗ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಸರ್ವಿಸ್ ಅಂದರೆ ಎಲ್ಲಾ ಹೊಸದು ಅಂದುಕೊಂಡು ನಾನೊಮ್ಮೆ ಚೆನ್ನಾಗಿಯೇ ಇದ್ದ ರೋಟರ್ (ಡಿಸ್ಟ್ರಿಬ್ಯೂಟರ್ ಒಳಗೆ ಸ್ಪಾರ್ಕ್ ಹಂಚುವ ಭಾಗ) ಎಸೆದು ಹೊಸದು ಹಾಕಿದೆ. ನಲವತ್ತು ಕಿಲೋಮೀಟರ್‌ಗೆ ಎಂಜಿನ್ ಸತ್ತುಹೋಯಿತು. ಬಿಚ್ಚಿ ನೋಡಿದರೆ ಒಳಗಿನ ರಿವೆಟ್ ಮೂಲಕ ಸ್ಪಾರ್ಕ್ ಕೆಳಗಿನ ಶಾಫ್ಟಿಗೆ ಇಳಿದು, ಕೂದಲೆಳೆಯಷ್ಟು ಕಪ್ಪು ಗೆರೆ ಬಿದ್ದಿತ್ತು. ಕಂಡೆನ್ಸರ್ ಕಥೆಯೂ ಇದೇ. ತಣ್ಣಗಿರುವಾಗ ಸರಿ, ಬಿಸಿಯಾದರೆ ಮಿಸ್ಸಿಂಗ್. ಹಾಗಾಗಿ ನನ್ನ ನಿಯಮ ಹೀಗಿದೆ. ಓಡುತ್ತಿರುವ ಭಾಗವನ್ನು ಸುಮ್ಮನೆ ತೆಗೆಯುವುದಿಲ್ಲ. ತೆಗೆದರೂ ಎಸೆಯುವುದಿಲ್ಲ. ಹೊಸದನ್ನು ಹಾಕಿ ಎರಡು ವಾರ ಓಡಿಸಿ ನೋಡಿದ ಮೇಲೆ, ಹಳೆಯದು ಡಿಕ್ಕಿಯಲ್ಲಿ ಸ್ಪೇರ್.

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬೇಕಾ ಎಂದು ಬಹಳ ಜನ ಕೇಳುತ್ತಾರೆ. ದಿನಾ ಓಡಿಸುವುದಾದರೆ ಹಾಕಿಸಿ. ನಾನೂ ಹಾಕಿಸಿದ್ದೇನೆ. ಆದರೆ ಎಂಜಿನ್ ನಿಂತಿರುವಾಗ ಇಗ್ನಿಷನ್ ಆನ್ ಮಾಡಿಟ್ಟು ರೇಡಿಯೋ ಕೇಳುತ್ತಾ ಕೂತರೆ ಮಾಡ್ಯೂಲ್ ಸುಟ್ಟುಹೋಗಬಹುದು. ಅದು ಸತ್ತರೆ ದಾರಿಬದಿ ರಿಪೇರಿ ಇಲ್ಲ. ಗ್ಯಾಪ್ ಸೆಟ್ ಮಾಡಿಟ್ಟ ಹಳೇ ಪಾಯಿಂಟ್ ಪ್ಲೇಟ್, ಕಂಡೆನ್ಸರ್ ಜೊತೆಯಲ್ಲಿರಲಿ. ಹತ್ತು ನಿಮಿಷದ ಕೆಲಸ.

ಈಗ ಕಾರ್ಬುರೇಟರ್. ಎಸ್‌ಯು ಕಂಪನಿಯವೇ ಎರಡು ಇವೆ. ಏರ್ ಫಿಲ್ಟರ್ ತೆಗೆದು ಒಳಗಿನ ಪಿಸ್ಟನ್ ಅನ್ನು ಬೆರಳಿನಿಂದ ಎತ್ತಿ ಬಿಡಿ. 'ಟಕ್' ಎಂದು ಕೂರಬೇಕು. ಅಂಟಿದರೆ ಮೇಲಿನ ಗಂಟೆಯಾಕಾರದ ಮುಚ್ಚಳ ಬಿಚ್ಚಿ ಪೆಟ್ರೋಲಿನಲ್ಲಿ ಒರೆಸಿ. ಒಂದರ ಮುಚ್ಚಳ, ಪಿಸ್ಟನ್ ಇನ್ನೊಂದಕ್ಕೆ ಹೋಗಬಾರದು, ಅವು ಜೋಡಿ. ಮೇಲಿನ ಸಣ್ಣ ಕ್ಯಾಪ್ ಬಿಚ್ಚಿ ಆಯಿಲ್ ನೋಡಿ. ಕ್ಯಾಪ್ ವಾಪಸ್ ಇಳಿಸುವಾಗ ಇನ್ನು ಅರ್ಧ ಇಂಚು ಇದೆ ಅನ್ನುವಾಗ ಒತ್ತಡ ಸಿಕ್ಕರೆ ಆಯಿಲ್ ಸಾಕು. ಇದು ಬತ್ತಿದರೆ ಆ್ಯಕ್ಸಿಲರೇಟರ್ ಒತ್ತಿದಾಗ ಕಾರು ಮುಗ್ಗರಿಸುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎರಡರ ಗಾಳಿ ಸಮ ಮಾಡಿ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಎರಡರಲ್ಲೂ 'ಹಿಸ್ಸ್' ಒಂದೇ ಥರ ಕೇಳಬೇಕು. ಆಮೇಲೆ ಮಿಕ್ಸ್ಚರ್. ಪಿಸ್ಟನ್ ಅನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಏರಿಯೇ ಉಳಿದರೆ ಪೆಟ್ರೋಲ್ ಜಾಸ್ತಿ. ಕುಸಿದರೆ ಕಡಿಮೆ. ಒಂದು ಕ್ಷಣ ಏರಿ ಹಾಗೇ ಇಳಿದು ನಿಂತರೆ ಸರಿ. ಕೆಳಗಿನ ನಟ್‌ಗೆ ಆರು ಮುಖ. ಮೇಲೆ ತಿರುಗಿಸಿದರೆ ಕಡಿಮೆ, ಕೆಳಗೆ ತಿರುಗಿಸಿದರೆ ಜಾಸ್ತಿ. ಒಂದು ಸಲಕ್ಕೆ ಒಂದೇ ಮುಖ. ತಿರುಗಿಸಿ, ಒಂದು ಗುಟುಕು ಕಾಫಿ ಕುಡಿದು, ಆಮೇಲೆ ನೋಡಿ.

4. ವೈರಿಂಗ್: ಅರ್ತ್, ಅರ್ತ್, ಅರ್ತ್

ಒಂದು ಜನವರಿ ಬೆಳಿಗ್ಗೆ ಸೆಲ್ಫ್ ಹೊಡೆದರೆ 'ಗರ್... ಗರ್...' ಎಂದು ಎಳೆಯುತ್ತಿತ್ತು. ಹೊಸ ಬ್ಯಾಟರಿ. ಚೋಕ್ ಹಿಡಿದ ಕೈಗೆ ಬಿಸಿ ತಾಗಿತು. ಮಾವನಿಗೆ ಫೋನ್ ಮಾಡಿದೆ.

"ಮಾವ, ಚೋಕ್ ಕೇಬಲ್ ಸುಡ್ತಾ ಇದೆ."

"ಲೋ, ಮೊದ್ಲು ಕೈ ತೆಗಿಯೋ. ಎಂಜಿನ್ ಅರ್ತ್ ಬಿಟ್ಟಿದೆ. ಕರೆಂಟು ಚೋಕ್ ತಂತಿ ಹಿಡ್ಕೊಂಡು ವಾಪಸ್ ಬರ್ತಿದೆ."

ನೂರಕ್ಕೆ ನೂರು ನಿಜ. ಎಂಜಿನ್ ಮತ್ತು ಗೇರ್ ಬಾಕ್ಸ್ ರಬ್ಬರ್ ಮೇಲೆ ಕೂತಿವೆ. ಬಾಡಿಗೂ ಅವಕ್ಕೂ ನಡುವೆ ಇರುವುದು ಒಂದೇ ಹೆಣೆದ ಪಟ್ಟಿ. ಅದು ತುಕ್ಕು ಹಿಡಿದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಪರೀಕ್ಷೆ ಹೀಗೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಮೈಗೆ. ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಪಟ್ಟಿ ಬಿಚ್ಚಿ, ತಗಡು ಬೆಳ್ಳಗೆ ಕಾಣುವವರೆಗೆ ಉಜ್ಜಿ, ವ್ಯಾಸಲೀನ್ ಸವರಿ, ಬಿಗಿ ಮಾಡಿ.

ಈ ಕಾರಿನ ಎಲೆಕ್ಟ್ರಿಕ್ ಭಾಗ ಮಾಡಿದ ಲ್ಯೂಕಾಸ್ ಕಂಪನಿಯ ವೈರಿಂಗನ್ನು ಬೈಯುವುದು ಇಲ್ಲಿಯ ಹಳೇ ಚಾಳಿ. ನನಗಂತೂ ಇಷ್ಟು ಸರಳ ವೈರಿಂಗ್ ಬೇರೆ ಕಂಡಿಲ್ಲ. ಕಂದು ವೈರಿನಲ್ಲಿ ಸದಾ ಕರೆಂಟು. ಬಿಳಿಯಲ್ಲಿ ಇಗ್ನಿಷನ್ ಆನ್ ಆದಾಗ. ನೇರಳೆ ಅಂದರೆ ಫ್ಯೂಸ್ ದಾಟಿ ಬಂದ ಕಂದು, ಹಸಿರು ಅಂದರೆ ಫ್ಯೂಸ್ ದಾಟಿ ಬಂದ ಬಿಳಿ. ಕಪ್ಪು ಅರ್ತ್. ಇಷ್ಟು ಬಾಯಿಪಾಠ ಆದರೆ ಅರ್ಧ ಎಲೆಕ್ಟ್ರಿಷಿಯನ್ ಆದ ಹಾಗೆ. ವರ್ಷಕ್ಕೊಮ್ಮೆ ಬುಲೆಟ್ ಕನೆಕ್ಟರ್‌ಗಳನ್ನು ಎಳೆದು, ಒರೆಸಿ, ಮತ್ತೆ ತಳ್ಳಿ. ಓವರ್‌ಡ್ರೈವ್ ಬೀಳದಿದ್ದರೂ ಮೊದಲು ಇವನ್ನೇ ನೋಡಿ, ಗೇರ್ ಬಾಕ್ಸ್ ಇಳಿಸಲು ಓಡಬೇಡಿ.

ಹೆಡ್‌ಲೈಟ್ ಕರೆಂಟು ಪೂರ್ತಿ ಹಳೇ ಸ್ವಿಚ್ ಮೂಲಕವೇ ಹೋಗುತ್ತದೆ. ರಾತ್ರಿ ಓಡಿಸುವವರು ರಿಲೇ ಹಾಕಿಸಿ. ಬೆಳಕೂ ಜಾಸ್ತಿ, ಸ್ವಿಚ್ಚೂ ಬಾಳುತ್ತದೆ. ಫ್ಯೂಸ್ ವಿಷಯದಲ್ಲೂ ಒಂದು ಮಾತು. ಹಳೇ ಲ್ಯೂಕಾಸ್ ಫ್ಯೂಸ್ ಮೇಲೆ 35 ಎಂದು ಬರೆದಿದ್ದರೆ ಅದು ಸುಟ್ಟುಹೋಗುವ ಮಟ್ಟ. ಸತತವಾಗಿ ತಡೆಯುವುದು 17 ಆ್ಯಂಪ್ ಅಷ್ಟೇ. ಈಗಿನ 35 ಆ್ಯಂಪ್ ಫ್ಯೂಸ್ ಹಾಕಿದರೆ ಫ್ಯೂಸಿಗೆ ಮೊದಲು ವೈರೇ ಸುಡುತ್ತದೆ.

5. ಗ್ರೀಸ್, ಬ್ರೇಕ್, ಚಕ್ರ

ಗ್ರೀಸ್ ನಿಪ್ಪಲ್ ಎಂಟು. ಮುಂದಿನ ಚಕ್ರ ತಿರುಗುವ ಎರಡು ಕಿಂಗ್ ಪಿನ್‌ಗಳಲ್ಲಿ ಒಂದೊಂದಕ್ಕೆ ಮೂರು, ಪ್ರೊಪೆಲ್ಲರ್ ಶಾಫ್ಟ್‌ಗೆ ಒಂದು, ಹ್ಯಾಂಡ್‌ಬ್ರೇಕ್ ಕೇಬಲ್‌ಗೆ ಒಂದು. 3000 ಮೈಲಿಗೊಮ್ಮೆ. ಮುಂದಿನ ಚಕ್ರ ನೆಲ ಬಿಟ್ಟು ತೂಗುತ್ತಿರುವಾಗ ಹೊಡೆಯಿರಿ, ಭಾರ ಇದ್ದರೆ ಗ್ರೀಸ್ ಎಲ್ಲಾ ಕಡೆ ಹೋಗುವುದಿಲ್ಲ. ಹಳೇ ಕಪ್ಪು ಗ್ರೀಸ್ ಹೊರಗೆ ಬರುವವರೆಗೆ ಹೊಡೆಯಿರಿ. ಕಾರಿನ ಅಡಿಗೆ ನುಗ್ಗುವ ಮೊದಲು ಸ್ಟ್ಯಾಂಡ್ ಹಾಕಿ. ಬರೀ ಜಾಕಿ ನಂಬಿ ಯಾವತ್ತೂ ಮಲಗಬೇಡಿ.

ನನ್ನ ಕಾರಿನಂಥ ಇಂಗ್ಲೆಂಡ್ ಮಾದರಿಗಳಲ್ಲಿ ಬ್ರೇಕ್ ಲೈನ್ ಒಂದೇ. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಡಾಟ್ 4 ಬ್ರೇಕ್ ಆಯಿಲ್ ಬದಲಿಸಿ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿಡಿ. ಮೂರು ರಬ್ಬರ್ ಹೋಸ್‌ಗಳಿವೆ, ಮುಂದೆ ಎರಡು, ಹಿಂದೆ ಒಂದು. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಬ್ರೇಕ್ ಹಿಡಿದೇ ಇರುವಂತೆ ಮಾಡುತ್ತವೆ. ಸ್ವಲ್ಪ ದೂರ ಓಡಿಸಿ ನಾಲ್ಕೂ ಚಕ್ರದ ನಡುಭಾಗಕ್ಕೆ ಹುಷಾರಾಗಿ ಕೈ ಹತ್ತಿರ ತನ್ನಿ. ಒಂದು ಮಾತ್ರ ಸುಡುತ್ತಿದ್ದರೆ ಹೋಸ್ ನೋಡಿ.

ವೈರ್ ವೀಲ್ ಇದ್ದರೆ ವರ್ಷಕ್ಕೊಮ್ಮೆ ಬಿಚ್ಚಿ ಹಲ್ಲುಗಳಿಗೆ ಗ್ರೀಸ್ ಹಚ್ಚಿ. ಹೊರಡುವಾಗ, ನಿಲ್ಲುವಾಗ ಚಕ್ರದಿಂದ 'ಕಟಕ್' ಎಂದರೆ ಹಲ್ಲು ಸವೆದಿದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಾರೀಖು ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹತ್ತು ವರ್ಷ ದಾಟಿದ್ದರೆ ಟೈರಿನ ಹೂವು, ಅಂದರೆ ಮೇಲಿನ ಅಚ್ಚು, ಎಷ್ಟೇ ಉಳಿದಿರಲಿ, ನಾನಂತೂ ಇಟ್ಟುಕೊಳ್ಳುವುದಿಲ್ಲ.

6. ಪೆಟ್ರೋಲ್ ಮತ್ತು ಕಾಗದ ಪತ್ರ

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇ. 10ರವರೆಗೆ ಎಥೆನಾಲ್. ಹಳೇ ರಬ್ಬರ್ ಪೈಪ್ ಅದಕ್ಕೆ ಕರಗಿ ಬಿರುಕು ಬಿಡುತ್ತದೆ, ಕೆಳಗೇ ಬಿಸಿ ಸೈಲೆನ್ಸರ್ ಪೈಪ್ ಇದೆ. ಸೂಪರ್ ದರ್ಜೆಯ ಇ5 ಹಾಕಿಸಿ. ಹೇಗಿದ್ದರೂ ಪೈಪ್‌ಗಳನ್ನೆಲ್ಲ ಆರ್9 ಎಂದು ಬರೆದಿರುವುದಕ್ಕೆ ಬದಲಿಸಿ. ಊರಿನಲ್ಲಿ ಹಳೇ ಗಾಡಿ ಇರುವವರಿಗೆ ಎಥೆನಾಲ್ ಇನ್ನೂ ಜಾಸ್ತಿ, ಇ20. ಅವರು ಈ ಕೆಲಸ ಮುಂದೂಡಲೇಬಾರದು.

2018ರ ಮೇ ತಿಂಗಳಿಂದ ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ಎಂಒಟಿ, ಅಂದರೆ ಇಲ್ಲಿಯ ವಾರ್ಷಿಕ ಸುರಕ್ಷತಾ ತಪಾಸಣೆ, ಕಡ್ಡಾಯವಲ್ಲ. ಇಲ್ಲಿಯ ವಾಹನ ನೋಂದಣಿ ಇಲಾಖೆ ಡಿವಿಎಲ್‌ಎಗೆ ಅರ್ಜಿ ಹಾಕಿದರೆ ರಸ್ತೆ ತೆರಿಗೆಯೂ ಇಲ್ಲ. ಆದರೂ ನಾನು ಪ್ರತಿ ವರ್ಷ ಎಂಒಟಿ ಮಾಡಿಸುತ್ತೇನೆ. ಕಾರನ್ನು ಎತ್ತರಕ್ಕೆ ಏರಿಸಿ, ಇನ್ನೊಬ್ಬರ ಕಣ್ಣು ಅಡಿಯಿಂದ ಹಾಯುವುದು ಆ ಬೆಲೆಗೆ ಬೇರೆಲ್ಲೂ ಸಿಗುವುದಿಲ್ಲ. ಕ್ಲಾಸಿಕ್ ಇನ್ಶೂರೆನ್ಸ್ ಮಾಡಿಸುವಾಗ ಆಫೀಸಿಗೆ ಓಡಿಸುತ್ತೇನೆ ಎಂದು ಮೊದಲೇ ಹೇಳಿಬಿಡಿ. ಕೆಲವು ಪಾಲಿಸಿಗಳಲ್ಲಿ ಅದು ಸೇರಿರುವುದಿಲ್ಲ.

7. ಓಡಿಸುವ ರೀತಿ

ನಿಂತ ಕಾರು ಓಡುವ ಕಾರಿಗಿಂತ ಬೇಗ ಕೆಡುತ್ತದೆ. ಸೀಲ್ ಒಣಗುತ್ತವೆ, ಬ್ರೇಕ್ ಹಿಡಿಯುತ್ತದೆ, ಪೆಟ್ರೋಲ್ ಹಳಸುತ್ತದೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಮೂಲೆಯಂಗಡಿಗೆ ಹೋಗಿ ಹಾಲು ತರಲು ಮಾತ್ರ ತೆಗೆಯಬೇಡಿ. ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಒಳಗಿನ ತೇವ ಆಯಿಲಿಗೆ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಅಳಬೇಡಿ. ಮೊದಲು ಒಂದು ದಿನ ದೂರ ಓಡಿಸಿ ನೋಡಿ, ಹೆಚ್ಚಿನ ಸಲ ಹೋಗಿಬಿಡುತ್ತದೆ.

ಪ್ರತಿ ಭಾನುವಾರ ಹತ್ತು ನಿಮಿಷ ಸಾಕು. ಆಯಿಲ್, ನೀರು, ಬ್ರೇಕ್ ಆಯಿಲ್, ಟೈರ್ ಗಾಳಿ. ನಿಲ್ಲಿಸಿದ ಜಾಗದಲ್ಲಿ ಒಂದು ರಟ್ಟು ಹಾಸಿಡಿ. ಒಂದೆರಡು ಹನಿ ಆಯಿಲ್ ಮಾಮೂಲು. ಹನಿ ಬೀಳುವ ಜಾಗ ಬದಲಾದರೆ, ಬಣ್ಣ ಬದಲಾದರೆ ಅದೇ ಕಾರಿನ ಮಾತು.

ನನ್ನ ಡಿಕ್ಕಿಯಲ್ಲಿ, ಹಳೇ ಬಿಗ್ ಶಾಪರ್ ಚೀಲವೊಂದರಲ್ಲಿ ಇರುವುದು ಇಷ್ಟು: ಇಂಚಿನ ಅಳತೆಯ ಸ್ಪ್ಯಾನರ್‌ಗಳು, ಯಾಕೆಂದರೆ ಮಿಲಿಮೀಟರಿನವು ಈ ನಟ್‌ಗಳ ಮೂಲೆ ಸವೆಸುತ್ತವೆ. ಫ್ಯಾನ್ ಬೆಲ್ಟ್. ಓಡಿಸಿ ನೋಡಿದ ಹಳೇ ರೋಟರ್, ಕಂಡೆನ್ಸರ್, ಪಾಯಿಂಟ್ ಪ್ಲೇಟ್. ಒಂದು ಪ್ಲಗ್, ನಾಲ್ಕು ಫ್ಯೂಸ್, ಎರಡು ಮೀಟರ್ ವೈರ್, ಟೇಪ್, ಎರಡು ಹೋಸ್ ಕ್ಲಿಪ್, ಟಾರ್ಚ್, ಎರಡು ಲೀಟರ್ ನೀರು, ಒಂದು ಲೀಟರ್ ಆಯಿಲ್. ಮಳೆಯಲ್ಲಿ ಕಾರಿನ ಅಡಿಗೆ ಹಾಸಿಕೊಳ್ಳಲು ಹಳೇ ಯೋಗಾ ಮ್ಯಾಟ್. ಪಂಪನ್ನು ಹೊಸ ಪಾಯಿಂಟ್ ಹಾಕಿ ಸರಿ ಮಾಡಿದ್ದೇನೆ. ಸುತ್ತಿಗೆ ಮಾತ್ರ ಇನ್ನೂ ಅಲ್ಲೇ ಇದೆ, ವೈರ್ ವೀಲ್ ಬಿಚ್ಚಲು ಬೇಕಲ್ಲ.